ಗೆಲಿಲಿಯೊಗೆ ಮಗಳು ಬರೆದ ಕಾಗದಗಳು: ಗೋಡೆಯಾಚೆಗಿನ ಮಗಳ ಒಂದು ಪ್ರಕರಣ ಅಧ್ಯಯನ

ಫ್ಲಾರೆನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ 124 ಹಳೆಯ ಕಾಗದಗಳಿವೆ. ಎಲ್ಲವನ್ನೂ ಬರೆದವಳು ಒಬ್ಬಳೇ, ಓದಿದವನೂ ಒಬ್ಬನೇ. ಬರೆದವಳು ಮರಿಯಾ ಚೆಲೆಸ್ತೆ ಎಂಬ ಸನ್ಯಾಸಿನಿ. ಓದಿದವನು ಅವಳ ಅಪ್ಪ, ಗೆಲಿಲಿಯೊ ಗೆಲಿಲಿ. ಮೊದಲ ಕಾಗದ 1623ರ ಮೇ ತಿಂಗಳದ್ದು, ಕೊನೆಯದು 1633ರ ಡಿಸೆಂಬರಿನದು. ಅಪ್ಪ ಬರೆದ ಉತ್ತರಗಳಲ್ಲಿ ಮಾತ್ರ ಒಂದೂ ಉಳಿದಿಲ್ಲ.

ಗೆಲಿಲಿಯೊ ಅಂದರೆ ನಮಗೆ ಶಾಲೆಯಲ್ಲಿ ಓದಿದ ದೂರದರ್ಶಕ, ಗುರುಗ್ರಹದ ಚಂದ್ರರು, ಚರ್ಚಿನ ವಿಚಾರಣೆ. ಅವನಿಗೆ ಮಕ್ಕಳಿದ್ದರು ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ದೂರದಲ್ಲಿರುವ ಮಗು ಮತ್ತು ಅಪ್ಪ ಅಥವಾ ಅಮ್ಮನ ನಡುವೆ ಪ್ರೀತಿ ಹೇಗೆ ಬಾಳುತ್ತದೆ ಎಂದು ನೋಡಲು ನಾನು ಈ ಪ್ರಕರಣ ಆರಿಸಿಕೊಂಡೆ. ಕಾರಣ ಇದೆ. ಇಲ್ಲಿ ದೂರ ತಾನಾಗಿ ಬಂದದ್ದಲ್ಲ. ಅದನ್ನು ಅಪ್ಪನೇ ತಂದದ್ದು. ಪ್ರೀತಿಯೂ ಅವನದೇ. ಎರಡನ್ನೂ ಒಟ್ಟಿಗೆ ಇಟ್ಟು ನೋಡದಿದ್ದರೆ ಈ ಕಥೆ ಸುಮ್ನೆ ಕಣ್ಣೀರಿನ ಕಥೆ ಆಗಿಬಿಡುತ್ತದೆ.

ಹಿನ್ನೆಲೆ

ಗೆಲಿಲಿಯೊ ಪಾದುವಾ ವಿಶ್ವವಿದ್ಯಾಲಯದಲ್ಲಿ 1592ರಿಂದ ಗಣಿತ ಕಲಿಸುತ್ತಿದ್ದ. ಮರೀನಾ ಗಾಂಬಾ ಎಂಬ ವೆನಿಸ್ ಕಡೆಯ ಹೆಂಗಸಿನ ಜೊತೆ ಸಂಬಂಧವಿತ್ತು, ಮದುವೆ ಆಗಿರಲಿಲ್ಲ. ಮೂರು ಮಕ್ಕಳಾದವು. 1600ರಲ್ಲಿ ವರ್ಜೀನಿಯಾ, 1601ರಲ್ಲಿ ಲಿವಿಯಾ, 1606ರಲ್ಲಿ ವಿಂಚೆಂಜೊ. ವರ್ಜೀನಿಯಾಳ ಜ್ಞಾನಸ್ನಾನದ ದಾಖಲೆಯಲ್ಲಿ ತಂದೆಯ ಹೆಸರೇ ಇಲ್ಲ.

1610ರಲ್ಲಿ ಅವನಿಗೆ ಫ್ಲಾರೆನ್ಸಿನ ಮೆದಿಚಿ ಅರಮನೆಯಲ್ಲಿ ದೊಡ್ಡ ಹುದ್ದೆ ಸಿಕ್ಕಿತು. ಹೆಣ್ಣುಮಕ್ಕಳು ಫ್ಲಾರೆನ್ಸಿಗೆ ಬಂದರು, ಮರೀನಾ ಪಾದುವಾದಲ್ಲೇ ಉಳಿದಳು. ಈಗ ಅವನ ಮುಂದಿದ್ದ ಪ್ರಶ್ನೆ ಆ ಕಾಲದ ಅಪ್ಪಂದಿರಿಗೆಲ್ಲ ಗೊತ್ತಿದ್ದದ್ದೇ: ಹೆಣ್ಣುಮಕ್ಕಳನ್ನು ಏನು ಮಾಡೋದು? ವರದಕ್ಷಿಣೆ ಅವನಿಗೆ ಹೊಸ ತಲೆನೋವಲ್ಲ. ಅಪ್ಪ ತೀರಿಹೋದ ಮೇಲೆ ಇಬ್ಬರು ತಂಗಿಯರ ವರದಕ್ಷಿಣೆ ಅವನ ತಲೆ ಮೇಲೆಯೇ ಬಿದ್ದಿತ್ತು. ಬಾಕಿ ಕೊಡದೆ ಹೋದರೆ ಜೈಲಿಗೆ ಹಾಕಿಸುತ್ತೇನೆ ಎಂದು ತಂಗಿಯ ಗಂಡನೇ ಬೆದರಿಸಿದ್ದ. ತಮ್ಮ ತನ್ನ ಪಾಲಿನ ದುಡ್ಡು ಕೊಡದೆ ಜಾರಿಕೊಂಡಿದ್ದ. ಅದರ ಮೇಲೆ ಇವರು ಮದುವೆಯಿಲ್ಲದೆ ಹುಟ್ಟಿದ ಮಕ್ಕಳು. ಒಳ್ಳೆಯ ಮನೆತನದ ಗಂಡು ಸಿಗುವುದು ಕಷ್ಟವಿತ್ತು.

ಹಾಗಾಗಿ ಮಠ. ಸಣ್ಣ ವಯಸ್ಸಿನ ಅಕ್ಕತಂಗಿಯರನ್ನು ಒಂದೇ ಮಠಕ್ಕೆ ಸೇರಿಸುವುದಕ್ಕೆ ನಿಯಮ ಅಡ್ಡ ಬಂತು. ಒಬ್ಬ ಕಾರ್ಡಿನಲ್ ಆಗುವುದಿಲ್ಲ ಎಂದರು. ಗೆಲಿಲಿಯೊ ಸುಮ್ಮನಾಗಲಿಲ್ಲ, ಇನ್ನೊಬ್ಬರನ್ನು ಹಿಡಿದು ಕೆಲಸ ಮಾಡಿಸಿಕೊಂಡ. 1613ರಲ್ಲಿ ಇಬ್ಬರೂ ಫ್ಲಾರೆನ್ಸಿನ ದಕ್ಷಿಣದ ಆರ್ಚೆತ್ರಿ ಗುಡ್ಡದ ಸಾನ್ ಮತ್ತೇಯೊ ಮಠ ಸೇರಿದರು. ವರ್ಜೀನಿಯಾಗೆ 13 ವರ್ಷ. 1616ರಲ್ಲಿ ದೀಕ್ಷೆ ತೆಗೆದುಕೊಂಡು ಅವಳು ಮರಿಯಾ ಚೆಲೆಸ್ತೆ ಆದಳು. ಮರುವರ್ಷ ಲಿವಿಯಾ ಅರ್ಕಾಂಜೆಲಾ ಆದಳು. ಗಂಡುಮಗ ವಿಂಚೆಂಜೊನನ್ನು 1619ರಲ್ಲಿ ಕಾನೂನು ಪ್ರಕಾರ ತನ್ನ ವಾರಸುದಾರ ಮಾಡಿಸಿದ. ಮಗನಿಗೆ ಒಂದು ದಾರಿ, ಹೆಣ್ಣುಮಕ್ಕಳಿಗೆ ಇನ್ನೊಂದು. ಕಾಲ ಹಾಗಿತ್ತು ಅಂತ ಹೇಳಬಹುದು. ಹೇಳಿದರೂ ಮನಸ್ಸಿಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ.

ಮಠ ಸೇರಿದವರು ಮತ್ತೆ ಹೊರಗೆ ಕಾಲಿಡುವಂತಿಲ್ಲ. ಅಪ್ಪ ಬಂದರೂ ಸರಳುಗಳ ಈಚೆಗೆ ಒಬ್ಬರು, ಆಚೆಗೆ ಒಬ್ಬರು ನಿಂತೇ ಮಾತು. ಅದು ಬಡವರ ಮಠ. ದಾನದ ಮೇಲೆ ನಡೆಯುತ್ತಿತ್ತು. ಕೆಟ್ಟ ರೊಟ್ಟಿ, ಹುಳಿ ಬಂದ ವೈನ್, ಗಟ್ಟಿ ಗೋಮಾಂಸ ಎಂದು ಮರಿಯಾ ಚೆಲೆಸ್ತೆಯೇ ಬರೆದಿದ್ದಾಳೆ. ಗೆಲಿಲಿಯೊ ಆಗ ಬೆಲ್ಲೊಸ್ಗ್ವಾರ್ದೊ ಎಂಬ ಇನ್ನೊಂದು ಗುಡ್ಡದ ಮೇಲಿದ್ದ. ಹೇಸರಗತ್ತೆ ಹತ್ತಿ ಹೋದರೆ ತಲುಪುವ ದೂರ. ಆದರೆ ಹೋಗುವ ಕೆಲಸ ಯಾವಾಗಲೂ ಅವನದೇ. ಅವನು ಕಾಯಿಲೆ ಬಿದ್ದರೆ ಮಗಳು ಬಂದು ನೋಡುವಂತಿರಲಿಲ್ಲ. ಸನ್ಯಾಸಿನಿ ಆದದ್ದಕ್ಕೆ ನನಗೆ ಬೇಜಾರಾಗೋದು ನಿಮಗೆ ಹುಷಾರಿಲ್ಲ ಅಂತ ಕೇಳಿದಾಗ ಮಾತ್ರ ಎಂಬ ಅರ್ಥದ ಸಾಲು ಒಂದು ಕಾಗದದಲ್ಲಿದೆ.

ಕಾಗದಗಳಲ್ಲಿ ಏನಿದೆ

ಆ ಕಾಲದ ಮರ್ಯಾದೆಗೆ ತಕ್ಕ ಉಪಚಾರದ ಮಾತು, ದೇವರ ಮಾತು ಎಲ್ಲ ಇದೆ. ಆದರೆ ಜಾಸ್ತಿ ಇರೋದು ಕೆಲಸದ ಮಾತು. ನಿಮ್ಮ ಕಾಲರುಗಳನ್ನು ಬಿಳಿ ಮಾಡಿ ಕಳಿಸಿದ್ದೇನೆ. ಬುಟ್ಟಿ ವಾಪಸ್ ಕೊಡಿ. ಚಳಿಗೆ ಒಂದು ಹೊದಿಕೆ ಬೇಕು. ಅವಳು ಮಠದ ಔಷಧಿ ಕೋಣೆ ನೋಡಿಕೊಳ್ಳುತ್ತಿದ್ದಳು, ಆದ್ದರಿಂದ ಮಾತ್ರೆ, ಲೇಹ್ಯ, ಕಷಾಯಗಳ ಸುದ್ದಿಯೂ ಬೇಕಾದಷ್ಟಿದೆ. ಎಷ್ಟೋ ಕಾಗದ ಬರೆದದ್ದು ನಡುರಾತ್ರಿ, ದಿನದ ಕೆಲಸ ಪ್ರಾರ್ಥನೆ ಎಲ್ಲ ಮುಗಿದ ಮೇಲೆ. ನಿದ್ದೆಗಣ್ಣಲ್ಲಿ ಬರೆದೆ, ತಪ್ಪಿದ್ದರೆ ಮನ್ನಿಸಿ ಅನ್ನುತ್ತಾಳೆ.

1625ರ ಡಿಸೆಂಬರಿನ ಒಂದು ಕಾಗದ ನೋಡಿ. ಅಪ್ಪ ಮಾದಲ ಹಣ್ಣು ಕಳಿಸಿ ಸಕ್ಕರೆಪಾಕದಲ್ಲಿ ಹಾಕಿಕೊಡು ಎಂದಿದ್ದ. ಹಣ್ಣು ಅಷ್ಟು ತಾಜಾ ಇರಲಿಲ್ಲ, ಸ್ವಲ್ಪವೇ ಸಿಕ್ಕಿತು ಎಂದು ಅವಳು ಲೆಕ್ಕ ಒಪ್ಪಿಸುತ್ತಾಳೆ. ಜೊತೆಗೆ ಉಪವಾಸದ ದಿನಕ್ಕೆ ಎರಡು ಬೇಯಿಸಿದ ಪೇರ್ ಹಣ್ಣು. ಆಮೇಲೆ, ಕೊರೆಯುವ ಚಳಿಯಲ್ಲೂ ಅರಳಿದ ಒಂದು ಗುಲಾಬಿ. ಅದರ ಮುಳ್ಳು ಯೇಸುವಿನ ಯಾತನೆ, ಹಸಿರೆಲೆ ನಮ್ಮ ಭರವಸೆ ಎಂದು ವಿವರಿಸುತ್ತಾಳೆ. ಎಲ್ಲರೂ ಈ ಕಾಗದದ ಗುಲಾಬಿಯನ್ನೇ ನೆನೆಯುತ್ತಾರೆ. ನನಗೆ ಮಾತ್ರ ಆ ಮಾದಲದ ಲೆಕ್ಕವೇ ಇಷ್ಟ. ಅಪ್ಪ ಹಣ್ಣು ಕಳಿಸಿದ್ದೇ ಅವಳ ಕೈಗೆ ಒಂದು ಕೆಲಸ ಕೊಡಲಿಕ್ಕೆ ಅಲ್ವಾ? ಫ್ಲಾರೆನ್ಸಿನ ಪೇಟೆಯಲ್ಲಿ ಮಿಠಾಯಿ ಸಿಗುತ್ತಿರಲಿಲ್ಲವೇ? ಅಮೆರಿಕದ ಮಗನಿಗೆ ಚಟ್ನಿಪುಡಿ ಕಟ್ಟಿ ಕಳಿಸುವ ನಮ್ಮ ಅಮ್ಮಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೇಳಿ ಪಡೆಯುವುದರಲ್ಲೂ ಅವಳಿಗೆ ಸಂಕೋಚ ಕಮ್ಮಿ. ಕೋಣೆಯ ಕಿಟಕಿ ಹಾಳಾಗಿದೆ, ಸರಿ ಮಾಡಿಕೊಡಿ ಎಂದು ಯುರೋಪಿನ ಅತಿ ಹೆಸರುವಾಸಿ ವಿಜ್ಞಾನಿಗೆ ಬರೆಯುತ್ತಾಳೆ. ಇದು ತತ್ವಜ್ಞಾನಿಯ ಕೆಲಸಕ್ಕಿಂತ ಬಡಗಿಯ ಕೆಲಸ, ಅದಕ್ಕೇ ಸ್ವಲ್ಪ ಹಿಂಜರಿಕೆ ಎಂದು ಒಂದು ಚೇಷ್ಟೆಯನ್ನೂ ಸೇರಿಸುತ್ತಾಳೆ. ಮಠದ ಗಡಿಯಾರ ಕೆಟ್ಟಾಗಲೂ ಅದು ಅಪ್ಪನ ಮನೆಗೇ ಹೋಯಿತು. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಎಷ್ಟೋ ಸಲ ಓಡಾಡಿ ಕೊನೆಗೆ ಸರಿಯಾಯಿತು.

ಅಪ್ಪನ ಕಾಗದಗಳಿಲ್ಲದೆ ಅಪ್ಪನ ಪ್ರೀತಿ ಅಳೆಯೋದು ಹೇಗೆ? ಅವಳ ಧನ್ಯವಾದಗಳನ್ನು ಓದುತ್ತಾ ಹೋದರೆ ಅವನು ಏನೇನು ಮಾಡಿದ ಎಂಬುದು ತಾನಾಗಿ ಕಾಣುತ್ತದೆ. ದುಡ್ಡು, ವೈನ್, ಊಟದ ಸಾಮಾನು, ಔಷಧಿಗೆ ಬೇಕಾದ್ದು, ಎಲ್ಲ ಹೋಗುತ್ತಲೇ ಇತ್ತು. ನೀವು ದಿನಾ ಬರೆಯುವ ಕಾಗದಗಳನ್ನೆಲ್ಲ ಎತ್ತಿಟ್ಟಿದ್ದೇನೆ, ಬಿಡುವಾದಾಗ ಮತ್ತೆ ಮತ್ತೆ ಓದುತ್ತೇನೆ ಎಂದು 1623ರಲ್ಲಿ ಅವಳು ಬರೆದಿದ್ದಾಳೆ. ಅಂದರೆ ಕಟ್ಟುಗಟ್ಟಲೆ ಇದ್ದವು. ಅವಳು ತೀರಿಕೊಂಡ ಮೇಲೆ ಮಠದವರೇ ಅವನ್ನು ನಾಶ ಮಾಡಿರಬೇಕು ಎಂದು ಇತಿಹಾಸಕಾರರ ಊಹೆ. ಚರ್ಚು ತಪ್ಪಿತಸ್ಥ ಎಂದ ಮನುಷ್ಯನ ಕೈಬರಹ ಇಟ್ಟುಕೊಳ್ಳಲು ಯಾರಿಗೆ ಧೈರ್ಯ? ಗೆಲಿಲಿಯೊ ಮಾತ್ರ ಮಗಳ ಕಾಗದಗಳನ್ನು ಬಿಸಾಡಲಿಲ್ಲ. ಅವನು ಇಟ್ಟುಕೊಂಡದ್ದರಿಂದಲೇ ಇವತ್ತು ನಾವು ಓದುತ್ತಿದ್ದೇವೆ.

ಅದೇ 1623ರಲ್ಲಿ ಕಾರ್ಡಿನಲ್ ಬಾರ್ಬೆರಿನಿ ಎಂಟನೆಯ ಅರ್ಬನ್ ಎಂಬ ಹೆಸರಲ್ಲಿ ಪೋಪ್ ಆದರು. ಗೆಲಿಲಿಯೊನನ್ನು ಮೆಚ್ಚಿಕೊಂಡಿದ್ದವರು. ಅವರು ಹಿಂದೆ ತನಗೆ ಬರೆದಿದ್ದ ಪತ್ರಗಳನ್ನು ಗೆಲಿಲಿಯೊ ಮಗಳಿಗೆ ಓದಲು ಕಳಿಸಿದ. ಅವಳಿಗೆ ಹೇಳಲಾರದಷ್ಟು ಖುಷಿ. ಆ ಪೋಪನಿಂದ ಅವಳು ಬಯಸಿದ್ದೂ ತನಗಾಗಿ ಅಲ್ಲ. ಮಠಕ್ಕೆ ಬರುತ್ತಿದ್ದ ಪಾದ್ರಿಗಳಿಂದ ಬೇಸತ್ತು, ನಮಗೆ ಒಳ್ಳೆಯವರನ್ನು ಕೊಡಿಸಿ ಎಂದು ಅಪ್ಪನ ಮೂಲಕ ಕೇಳಿಸಲು ನೋಡಿದಳು. ಹತ್ತು ವರ್ಷದ ಮೇಲೆ ಅದೇ ಪೋಪನ ಕಾಲದಲ್ಲಿ ಅಪ್ಪ ಕಟಕಟೆಯಲ್ಲಿ ನಿಂತ.

ಪ್ಲೇಗು, ಮನೆ, ರೋಮ್

1630ರಲ್ಲಿ ಫ್ಲಾರೆನ್ಸಿಗೆ ಪ್ಲೇಗು ಬಂತು. ಮಗಳು ಎರಡು ಭರಣಿ ಲೇಹ್ಯ ಮಾಡಿ ಕಳಿಸಿದಳು. ಒಂದರ ಪಾಕ ಹೀಗೆ: ಒಣ ಅಂಜೂರ, ಆಕ್ರೋಟು, ರೂ ಎಂಬ ಕಹಿ ಸೊಪ್ಪು, ಉಪ್ಪು, ಎಲ್ಲ ಸೇರಿ ಹಿಡಿಯುವಷ್ಟು ಜೇನು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಆಕ್ರೋಟಿನ ಗಾತ್ರದಷ್ಟು ತಿಂದು ಮೇಲೆ ಸ್ವಲ್ಪ ಒಳ್ಳೆಯ ವೈನ್ ಕುಡಿಯಬೇಕು. ಇದರಿಂದ ಪ್ಲೇಗು ತಡೆಯುವುದಿಲ್ಲ ಅಂತ ನಮಗೆ ಗೊತ್ತು. ಅವಳಿಗಿದ್ದ ಔಷಧಿ ಅದೇ.

ವಯಸ್ಸಾಗುತ್ತಿದ್ದ ಅಪ್ಪನನ್ನು ಹತ್ತಿರ ತಂದುಕೊಳ್ಳುವ ಪ್ರಯತ್ನವನ್ನೂ ಅವಳು ಮಾಡಿದಳು. ಮಠದೊಳಗಿಂದಲೇ ಬಾಡಿಗೆ ಮನೆ ಹುಡುಕಿದಳು. 1631ರಲ್ಲಿ ಗೆಲಿಲಿಯೊ ಆರ್ಚೆತ್ರಿಯ ಇಲ್ ಜೊಯೆಲ್ಲೊ ಎಂಬ ತೋಟದ ಮನೆಗೆ ಬಂದ. ಮಠಕ್ಕೆ ಕೂಗಳತೆ. ಆಮೇಲೆ ಸುಮಾರು ಒಂದು ವರ್ಷ ಕಾಗದಗಳು ಕಮ್ಮಿ. ಬರೆಯುವ ಅಗತ್ಯವೇ ಇರಲಿಲ್ಲ.

1632ರ ಫೆಬ್ರುವರಿಯಲ್ಲಿ ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂಬ ವಾದವನ್ನು ಎತ್ತಿ ಹಿಡಿಯುವ ಅವನ ‘ಸಂವಾದ’ ಅಚ್ಚಾಯಿತು. ಅಕ್ಟೋಬರಿನಲ್ಲಿ ರೋಮಿನ ಧರ್ಮವಿಚಾರಣಾ ಮಂಡಳಿಯಿಂದ ಕರೆ ಬಂತು. 1633ರ ಜನವರಿ 20ರಂದು, 69ಕ್ಕೆ ಕಾಲಿಡುತ್ತಿದ್ದ ಮನುಷ್ಯ ಹೊರಟ. ದಾರಿಯಲ್ಲಿ ಪ್ಲೇಗಿನ ಕ್ವಾರಂಟೈನ್. ರೋಮ್ ಮುಟ್ಟಿದ್ದು ಫೆಬ್ರುವರಿ 13ಕ್ಕೆ.

ನಿಜವಾದ ದೂರ ಶುರುವಾದದ್ದು ಇಲ್ಲಿಂದ. ಈ ಪ್ರಕರಣದ ಜೀವಾಳವೂ ಇದೇ ವರ್ಷದ ಕಾಗದಗಳು. ವಿಚಾರಣೆಯ ಬಗ್ಗೆ ಅವಳಿಗೆ ಆತಂಕ ಇತ್ತು, ಬರೆದೂ ಇದ್ದಾಳೆ. ಆದರೆ ಕಾಗದ ತುಂಬ ಅವನ ಮನೆಯ ಸುದ್ದಿ. ಮಠದೊಳಗೆ ಕೂತು ಅವಳು ಹೊರಗಿನ ಆ ಮನೆಯನ್ನು ನಡೆಸುತ್ತಿದ್ದಳು. ಕೆಲಸದ ಹೆಂಗಸು ಪಿಯೆರಾ, ಹುಡುಗ ಜೆಪ್ಪೊ, ಇವರ ಮೂಲಕ. ಯಾವ ಪೀಪಾಯಿಯ ವೈನ್ ಕೆಟ್ಟಿತು, ಯಾವುದನ್ನು ಮಾರಿದೆವು, ಯಾರ ಸಾಲ ತೀರಿಸಿದೆವು, ಎಲ್ಲ ಬರೆಯುತ್ತಿದ್ದಳು. ಹೇಸರಗತ್ತೆಗೆ ಯಜಮಾನ ಇಲ್ಲದೆ ಸೊಕ್ಕು ಬಂದಿದೆ, ಯಾರನ್ನೂ ಹತ್ತಗೊಡುವುದಿಲ್ಲ, ಪಾಪ ಜೆಪ್ಪೊನನ್ನು ಕೆಡವಿದೆ. ತೋಟದ ನಿಂಬೆಹಣ್ಣೆಲ್ಲ ಉದುರಿದವು. ಉಳಿದವನ್ನು ಮಾರಿದ್ದಕ್ಕೆ ಎರಡು ಲೀರಾ ಬಂತು. ಅದರಲ್ಲಿ ನಿಮ್ಮ ಹೆಸರಲ್ಲಿ ಮೂರು ಪೂಜೆ ಮಾಡಿಸಿದೆ.

ಓದಿದರೆ ಮೊದಲಿಗೆ ಆಶ್ಚರ್ಯ ಆಗುತ್ತದೆ. ಅಪ್ಪನಿಗೆ ಜೀವದ ಚಿಂತೆ, ಇವಳು ನಿಂಬೆಹಣ್ಣಿನ ಲೆಕ್ಕ ಕೊಡುತ್ತಿದ್ದಾಳಲ್ಲ ಅನ್ನಿಸುತ್ತದೆ. ಆದರೆ ಆ ಕಾಗದಗಳನ್ನು ಅವನ ಕಡೆಯಿಂದ ಓದಿ ನೋಡಿ. ಏಪ್ರಿಲ್ 12ರಂದು ಅವನ ಮೊದಲ ವಿಚಾರಣೆ. ಆ ಬಳಿಕ ಎರಡು ವಾರಕ್ಕೂ ಹೆಚ್ಚು ಕಾಲ ಅವನನ್ನು ಮಂಡಳಿಯ ಕಟ್ಟಡದಲ್ಲೇ ಇರಿಸಿಕೊಂಡರು. ಸುತ್ತಲಿನವರೆಲ್ಲ ಅವನ ಪುಸ್ತಕದ ಒಂದೊಂದು ಮಾತನ್ನೂ ತೂಗುತ್ತಿದ್ದರು. ಅವನಿಗೆ ತನ್ನ ತೋಟ, ತನ್ನ ಕತ್ತೆ, ತನ್ನ ವೈನ್ ಇನ್ನೂ ಇವೆ, ತಾನು ಆ ಮನೆಗೆ ಯಜಮಾನ ಎಂದು ನೆನಪಿಸುತ್ತಿದ್ದವಳು ಅವಳೊಬ್ಬಳೇ. ಧೈರ್ಯ ತಗೊಳ್ಳಿ ಎಂದು ಬರೆಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಬೀನ್ಸ್ ಏನು ಮಾಡಲಿ ಎಂದು ಕೇಳುವವರು ಮನೆಯವರು ಮಾತ್ರ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಅವನು ವಾಪಸ್ ಬರುವ ಮನುಷ್ಯನ ಹಾಗೆ ಯೋಚಿಸಲೇಬೇಕು.

ಜೂನ್ 22ರಂದು ತೀರ್ಪಾಯಿತು. ಗೆಲಿಲಿಯೊ ಮಂಡಿಯೂರಿ ತನ್ನ ಮಾತನ್ನು ಅಲ್ಲಗಳೆಯಬೇಕಾಯಿತು. ಸುದ್ದಿ ಮಗಳಿಗೆ ಸಿಡಿಲು ಹೊಡೆದ ಹಾಗೆ ಬಂತು. ಆದರೆ ಅಳುತ್ತಾ ಕೂರುವ ಜಾಯಮಾನ ಅವಳದಲ್ಲ. ಅಪ್ಪನ ಸ್ನೇಹಿತರಿಬ್ಬರು ಮನೆಯ ಬೀಗದ ಕೈ ಕೇಳಿಕೊಂಡು ಬಂದರು. ವಿಚಾರಣೆಯವರ ಕೈಗೆ ಸಿಕ್ಕರೆ ತೊಂದರೆಯಾಗಬಹುದಾದ ಕಾಗದಪತ್ರಗಳನ್ನು ಅಲ್ಲಿಂದ ಸಾಗಿಸಬೇಕಿತ್ತು. ಅವಳು ಬೀಗದ ಕೈ ಕೊಟ್ಟಳು. ದೇವರಲ್ಲೂ ಚರ್ಚಿನಲ್ಲೂ ಪೂರ್ತಿ ನಂಬಿಕೆ ಇಟ್ಟಿದ್ದ ಸನ್ಯಾಸಿನಿ, ಅದೇ ಚರ್ಚಿನ ಮಂಡಳಿಯ ಕಣ್ಣು ತಪ್ಪಿಸುವ ಕೆಲಸಕ್ಕೆ ಕೈಜೋಡಿಸಿದಳು! ಇದನ್ನು ಅವಳು ಒಳಗೊಳಗೇ ಹೇಗೆ ಸರಿದೂಗಿಸಿಕೊಂಡಳೋ, ಕಾಗದದಲ್ಲಿ ಅದರ ಸುಳಿವಿಲ್ಲ.

ಶಿಕ್ಷೆಯಲ್ಲಿ ಇನ್ನೊಂದು ಷರತ್ತಿತ್ತು. ಮೂರು ವರ್ಷ, ವಾರಕ್ಕೊಮ್ಮೆ, ಪಶ್ಚಾತ್ತಾಪದ ಏಳು ಕೀರ್ತನೆಗಳನ್ನು ಹೇಳಬೇಕು. ತೀರ್ಪಿನ ಪ್ರತಿಯನ್ನು ಹೇಗೋ ಓದಲು ಸಂಪಾದಿಸಿದ ಮಗಳು ಅಕ್ಟೋಬರ್ 3ರಂದು ಬರೆದಳು: ಆ ಭಾರವನ್ನು ನಾನು ವಹಿಸಿಕೊಂಡಿದ್ದೇನೆ, ಆಗಲೇ ಶುರು ಮಾಡಿದ್ದೇನೆ. ಸಾಧ್ಯವಿದ್ದರೆ ನಿಮ್ಮ ಬದಲು ಇನ್ನೂ ಕಠಿಣವಾದ ಸೆರೆಮನೆಗೂ ಹೋಗುತ್ತಿದ್ದೆ ಎಂಬ ಅರ್ಥದ ಮಾತೂ ಅಲ್ಲಿದೆ. ಇಪ್ಪತ್ತು ವರ್ಷದಿಂದ ಗೋಡೆಯೊಳಗಿದ್ದವಳ ಮಾತಿದು. ಅಪ್ಪ ಇದನ್ನು ಓದಿದಾಗ ಅವನಿಗೆ ಏನನ್ನಿಸಿರಬಹುದು?

ಅಷ್ಟೊತ್ತಿಗೆ ಗೆಲಿಲಿಯೊನನ್ನು ಸಿಯೆನಾದ ಆರ್ಚ್‌ಬಿಷಪ್ ಪಿಕ್ಕೊಲೊಮಿನಿ ಮನೆಯಲ್ಲಿ ಇರಿಸಿದ್ದರು. ಒಳ್ಳೆಯ ಮನುಷ್ಯ, ಚೆನ್ನಾಗಿ ನೋಡಿಕೊಂಡ. ಅಲ್ಲೇ ಗೆಲಿಲಿಯೊ ಚಲನೆಯ ಬಗೆಗಿನ ಹಳೆಯ ಕೆಲಸಕ್ಕೆ ಮತ್ತೆ ಕೈಹಾಕಿದ. ಮಗಳಿಗೆ ತಾಳ್ಮೆ ಮುಗಿಯುತ್ತಾ ಬಂದಿತ್ತು. ನೀವು ರೋಮಿನಲ್ಲಿದ್ದಾಗ ಸಿಯೆನಾದಲ್ಲಾದರೂ ಇದ್ದಿದ್ದರೆ ಅಂದುಕೊಳ್ಳುತ್ತಿದ್ದೆ, ಈಗ ಸಿಯೆನಾದಲ್ಲಿದ್ದೀರಿ, ಆರ್ಚೆತ್ರಿಯಲ್ಲಿದ್ದಿದ್ದರೆ ಅನ್ನಿಸುತ್ತದೆ ಎಂದು ಬರೆದಳು. ಗೂಡಿನಲ್ಲಿ ಎರಡು ಪಾರಿವಾಳ ನೀವು ಬಂದು ತಿನ್ನಲಿ ಎಂದು ಕಾಯುತ್ತಿವೆ ಎಂದೂ ಸೇರಿಸಿದಳು.

ವಾಪಸಾದ ಮೇಲೆ

ಡಿಸೆಂಬರಿನಲ್ಲಿ ಅವನು ಬಂದ, ಗೃಹಬಂಧನದಲ್ಲಿ. ಮಗಳ ಆರೋಗ್ಯ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಚಿಕ್ಕ ವಯಸ್ಸಿಗೇ ಹಲ್ಲುಗಳು ಉದುರಿದ್ದವು, ಪದೇ ಪದೇ ಜ್ವರ. ಮಾರ್ಚ್ ಕೊನೆಗೆ ಆಮಶಂಕೆ ಹಿಡಿಯಿತು. 1634ರ ಏಪ್ರಿಲ್ 2ರಂದು ತೀರಿಕೊಂಡಳು. 33 ವರ್ಷ.

ಇದಕ್ಕೆ ಸ್ವಲ್ಪ ಮುಂಚಿನ ಒಂದು ಸಂಜೆಯನ್ನು ಗೆಲಿಲಿಯೊ ಆಮೇಲೆ ಸ್ನೇಹಿತ ದಿಯೊದಾತಿಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ವೈದ್ಯರ ಜೊತೆ ಮಠದಿಂದ ಮನೆಗೆ ಬರುತ್ತಿದ್ದ. ನಾಳೆಗಿಂತ ಆಚೆಗೆ ಉಳಿಯುವುದಿಲ್ಲ ಎಂದು ವೈದ್ಯರು ಆಗಷ್ಟೇ ಹೇಳಿದ್ದರು. ಮನೆಯಲ್ಲಿ ವಿಚಾರಣಾ ಮಂಡಳಿಯ ಪ್ರತಿನಿಧಿ ಕಾಯುತ್ತಿದ್ದ. ಚಿಕಿತ್ಸೆಗೆ ಫ್ಲಾರೆನ್ಸಿಗೆ ಹೋಗಲು ಬಿಡಿ ಎಂದು ಇನ್ನು ಮೇಲೆ ಅರ್ಜಿ ಹಾಕಬೇಡ, ಹಾಕಿದರೆ ರೋಮಿನ ಸೆರೆಮನೆಗೆ ವಾಪಸ್ ಎಂಬ ಆಜ್ಞೆ ತಂದಿದ್ದ. ಅದೇ ಪತ್ರದಲ್ಲಿ ಮಗಳ ಬಗ್ಗೆ ಅವನು ಬರೆದದ್ದು ಒಂದೇ ಸಾಲು: ಸೂಕ್ಷ್ಮ ಬುದ್ಧಿಯವಳು, ಅಪರೂಪದ ಒಳ್ಳೆಯತನದವಳು, ನನ್ನನ್ನು ತುಂಬಾ ಹಚ್ಚಿಕೊಂಡಿದ್ದವಳು. ಏಪ್ರಿಲ್ ಕೊನೆಯ ಇನ್ನೊಂದು ಪತ್ರದಲ್ಲಿ ಹರ್ನಿಯಾ ಜಾಸ್ತಿಯಾಗಿದೆ, ನಾಡಿ ತಪ್ಪುತ್ತಿದೆ, ಊಟ ಸೇರುವುದಿಲ್ಲ, ನನ್ನ ಮುದ್ದಿನ ಮಗಳು ಕರೆಯುವುದು ಸದಾ ಕೇಳಿಸುತ್ತದೆ ಎಂದಿದ್ದಾನೆ.

ಆದರೂ ಕೆಲಸ ಬಿಡಲಿಲ್ಲ. ಸಿಯೆನಾದಲ್ಲಿ ಕೈಹಾಕಿದ ಪುಸ್ತಕ 1638ರಲ್ಲಿ ಹಾಲೆಂಡಿನ ಲೈಡೆನ್‌ನಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಕಣ್ಣು ಪೂರ್ತಿ ಹೋಗಿತ್ತು. 1642ರ ಜನವರಿ 8ರಂದು ತೀರಿಕೊಂಡ. ಸಾಂತಾ ಕ್ರೋಚೆ ಚರ್ಚಿನ ಒಂದು ಸಣ್ಣ ಕೋಣೆಯಲ್ಲಿ ಸದ್ದಿಲ್ಲದೆ ಹೂತರು. 1737ರಲ್ಲಿ ದೊಡ್ಡ ಸಮಾಧಿಗೆ ಸಾಗಿಸಲು ಅಲ್ಲಿ ತೆರೆದಾಗ ಗೆಲಿಲಿಯೊ, ಅವನ ಶಿಷ್ಯ ವಿವಿಯಾನಿ, ಜೊತೆಗೆ ಒಬ್ಬ ಹೆಂಗಸಿನ ಎಲುಬುಗಳೂ ಸಿಕ್ಕವು. ಅದು ಮರಿಯಾ ಚೆಲೆಸ್ತೆಯೇ ಎಂದು ನಂಬಿಕೆ.

ಈ ಪ್ರಕರಣದ ಇನ್ನೊಬ್ಬಳು

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಚೆಂದವಾಗಿ ಮುಗಿಯುತ್ತದೆ. ಆದರೆ ಅರ್ಕಾಂಜೆಲಾ ಇದ್ದಾಳೆ. ಅದೇ ಅಪ್ಪ, ಅದೇ ವರ್ಷ, ಅದೇ ಮಠ. ಅಕ್ಕನಿಗೆ 13 ಆಗಿದ್ದಾಗ ಅವಳಿಗೆ 12. ಅವಳು ಬರೆದ ಒಂದು ಕಾಗದವೂ ಇಲ್ಲ. ಅವಳ ಬಗ್ಗೆ ನಮಗೆ ತಿಳಿಯುವುದೆಲ್ಲ ಅಕ್ಕನ ಕಾಗದಗಳಿಂದ. ತಂಗಿಗೆ ಹುಷಾರಿಲ್ಲ, ಮನಸ್ಸು ಸರಿಯಿಲ್ಲ, ಅವಳ ಸ್ವಭಾವ ನನ್ನದರ ಹಾಗಲ್ಲ, ಅವಳಿಗೆ ಸ್ವಲ್ಪ ಒಳ್ಳೆಯ ಊಟ ಕಳಿಸಿ. ಅಕ್ಕನೇ ಇಬ್ಬರ ಪರವಾಗಿಯೂ ಅಪ್ಪನನ್ನು ಕೇಳುತ್ತಿದ್ದಳು, ಇಬ್ಬರ ಪರವಾಗಿಯೂ ನಮಸ್ಕಾರ ಹೇಳುತ್ತಿದ್ದಳು.

ಮರಿಯಾ ಚೆಲೆಸ್ತೆಯ ಪ್ರೀತಿ ನೋಡಿ ಅಪ್ಪನ ತೀರ್ಮಾನ ಹೇಗೋ ಸರಿಹೋಯಿತು ಎಂದು ಸಮಾಧಾನ ಪಟ್ಟುಕೊಳ್ಳುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಸರಿಹೋದದ್ದು ಅವಳು ಹಾಗಿದ್ದದ್ದರಿಂದ. ಬಟ್ಟೆ ಒಗೆಯಲು, ಹಣ್ಣಿಗೆ ಪಾಕ ಹಾಕಲು, ಮನೆಯ ಲೆಕ್ಕ ಇಡಲು ಒಪ್ಪಿ, ಅದರಲ್ಲೇ ಅಪ್ಪನನ್ನು ಹಿಡಿದಿಟ್ಟುಕೊಂಡವಳು ಅವಳು. ತಂಗಿಗೆ ಆ ಮನಸ್ಸು ಬರಲಿಲ್ಲ, ಅಥವಾ ಬರಬೇಕು ಎಂದು ಅನ್ನಿಸಲಿಲ್ಲ. ಅಕ್ಕ ಹೋದ ಮೇಲೆ ಅವಳ ಪರವಾಗಿ ಬರೆಯುವವರೂ ಇರಲಿಲ್ಲ. ಅಪ್ಪ ಪಕ್ಕದ ಮನೆಯಲ್ಲೇ ಇನ್ನೂ ಎಂಟು ವರ್ಷ ಬದುಕಿದ್ದ. ಅರ್ಕಾಂಜೆಲಾ ಅದೇ ಮಠದಲ್ಲಿ 1659ರವರೆಗೆ ಇದ್ದಳು.